ಕಲ್ಲಿನೊಳಗಿನ ಗಾಳಿ

ಶಹಾಬಾದ್ ಪರಸಿಯ ಒಂದು ಚೂರನ್ನು ಸುತ್ತಿಗೆಯಿಂದ ಪುಡಿ ಮಾಡಿ, ಅದರ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ ನೋಡಿ. ಪುಡಿ ಮೆಲ್ಲಗೆ ನೊರೆಯಾಗಿ ಗುಳ್ಳೆ ಏಳುತ್ತದೆ. ಆ ಗುಳ್ಳೆಯಲ್ಲಿರುವುದು ಇಂಗಾಲದ ಡೈಆಕ್ಸೈಡ್. ಹತ್ತಾರು ಕೋಟಿ ವರ್ಷಗಳ ಹಿಂದೆ ಇಲ್ಲೊಂದು ಸಮುದ್ರವಿತ್ತು. ಅದರ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಜೊತೆಗೆ ಕಲ್ಲಾಗಿ ಹೋದ ಗಾಳಿ ಅದು.

ಮುಧೋಳ ಎಂದೊಡನೆ ರಾಜ್ಯದ ಬಹುಪಾಲು ಜನಕ್ಕೆ ನೆನಪಾಗುವುದು ಬಾಗಲಕೋಟೆ ಜಿಲ್ಲೆಯ ಬೇಟೆನಾಯಿಯ ಊರು. ಇದು ಬೇರೆ. ಇದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮುಧೋಳ, ತೆಲಂಗಾಣದ ಗಡಿಗೆ ಹತ್ತಿರದ ಊರು. ಸುತ್ತ ತೊಗರಿ ಹೊಲ, ನೆಲದಡಿ ಸುಣ್ಣಕಲ್ಲು. ಸೇಡಂ, ಮಳಖೇಡ, ವಾಡಿ, ಚಿತ್ತಾಪುರದ ಕಡೆ ಹೋದರೆ ದಿಗಂತದಲ್ಲಿ ಮೊದಲು ಕಾಣುವುದು ಸಿಮೆಂಟ್ ಕಾರ್ಖಾನೆಯ ಚಿಮಣಿ. ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಇಂದು ಹೆಚ್ಚಿನವರಿಗೆ ಗೊತ್ತಿರುವುದು ಸಿಮೆಂಟಿನಿಂದಲೇ.

ಚಿಮಣಿಯ ಹೊಗೆ ಕಂಡು 'ಮಾಲಿನ್ಯ' ಎಂದು ಮೂಗು ಮುರಿಯುವವರಿಗೂ ಒಂದು ಸಂಗತಿ ಗೊತ್ತಿರುವುದಿಲ್ಲ. ಕಲ್ಲಿದ್ದಲನ್ನು ಉರಿಸುವುದರಿಂದ ಬರುವ ಅನಿಲಕ್ಕಿಂತ ಹೆಚ್ಚಿನ ಅನಿಲ ಬರುವುದು ಸ್ವತಃ ಕಲ್ಲಿನಿಂದ. ನೂರು ಕಿಲೊ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ 56 ಕಿಲೊ ಸುಣ್ಣ ಉಳಿಯುತ್ತದೆ, 44 ಕಿಲೊ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಒಂಬತ್ತನೆಯ ತರಗತಿಯ ಹುಡುಗಿಯೂ ಮಾಡಬಹುದಾದ ಲೆಕ್ಕ ಇದು. ಗೂಡಿನ ಬೆಂಕಿಯನ್ನು ನಾಳೆ ಸೌರಶಕ್ತಿಯಿಂದಲೇ ಹೊತ್ತಿಸಿದರೂ ಕಲ್ಲಿನೊಳಗಿನ ಗಾಳಿ ಹೊರಗೆ ಬಂದೇ ಬರುತ್ತದೆ. ಜಗತ್ತಿನಲ್ಲಿ ಮನುಷ್ಯ ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7-8 ರಷ್ಟು ಸಿಮೆಂಟಿನದು. ಸಿಮೆಂಟ್ ಉತ್ಪಾದನೆಯಲ್ಲಿ ಚೀನಾದ ನಂತರದ ಸ್ಥಾನ ಭಾರತದ್ದು.

ಇದರ ಪರಿಣಾಮ ಎಲ್ಲೋ ಧ್ರುವದ ಹಿಮಕರಡಿಗೆ ಮಾತ್ರ ಎಂದುಕೊಳ್ಳಬೇಕಿಲ್ಲ. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳತೆ ಶುರುವಾದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲ 315 ಭಾಗ ಇತ್ತು. ಈಗ 420 ದಾಟಿದೆ. 2020ರ ಅಕ್ಟೋಬರಿನಲ್ಲಿ ಕಾಗಿಣಾ, ಭೀಮಾ ಎರಡೂ ಉಕ್ಕಿ ಹೊಲಗಳಿಗೆ ನುಗ್ಗಿದ್ದನ್ನು ಈ ಭಾಗದ ಮಕ್ಕಳು ಕಣ್ಣಾರೆ ಕಂಡಿದ್ದಾರೆ. ಆ ಒಂದು ನೆರೆಗೆ ಹವಾಮಾನ ಬದಲಾವಣೆಯೇ ಕಾರಣ ಎಂದು ಬೆರಳು ತೋರಿಸುವುದು ಆತುರದ ಮಾತಾದೀತು. ಆದರೆ ಗಾಳಿ ಕಾದಷ್ಟೂ ಅದು ಹೊರುವ ನೀರಾವಿ ಹೆಚ್ಚುತ್ತದೆ, ಸುರಿದಾಗ ಒಮ್ಮೆಲೇ ಸುರಿಯುತ್ತದೆ ಎಂಬುದು ಭೌತವಿಜ್ಞಾನದ ನಿಯಮ.

ಹಾಗಾದರೆ ಮುಧೋಳದ ಒಂದು ಮನೆ ಏನು ಮಾಡಬೇಕು? ಕಾರ್ಖಾನೆ ಮುಚ್ಚಿ ಎನ್ನುವುದು ಸುಲಭ. ಆದರೆ ಅದೇ ಕಾರ್ಖಾನೆಯ ಸಂಬಳದಿಂದ ಮಗನ ಕಾಲೇಜು ಫೀಸು ಕಟ್ಟುವ ತಂದೆಯ ಎದುರು ಆ ಮಾತು ನಿಲ್ಲುವುದಿಲ್ಲ. ಅತ್ತ ಕಲ್ಲಿನ ಗಣಿಗೆ ಹೊಲ ಕೊಟ್ಟವನಿಗೆ ಮತ್ತೊಂದು ಲೆಕ್ಕವಿದೆ. ಇಂಥ ಊರಿನ ಹುಡುಗನಿಗೆ 'ದೀಪ ಆರಿಸು, ಭೂಮಿ ಉಳಿಸು' ಎಂದು ಭಾಷಣ ಮಾಡುವುದು ನಗೆಪಾಟಲು. ಭಾರತದಲ್ಲಿ ವರ್ಷಕ್ಕೆ ತಲೆಗೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ; ಜಗತ್ತಿನ ಸರಾಸರಿಯ ಅರ್ಧಕ್ಕೂ ಕಡಿಮೆ. ದೀಪ ಆರಿಸಿ ಅವನು ಉಳಿಸುವುದು ಚಿಲ್ಲರೆ.

ಆದರೆ ಮನೆ ಕಟ್ಟಿಸುವಾಗ ಅದೇ ಕುಟುಂಬದ ಕೈಗೆ ದೊಡ್ಡ ಗಂಟೇ ಬರುತ್ತದೆ. ಸಾವಿರ ಚದರಡಿಯ ಆರ್‌ಸಿಸಿ ಮನೆಗೆ ಸುಮಾರು 400 ಚೀಲ, ಅಂದರೆ 20 ಟನ್ ಸಿಮೆಂಟು ಬೇಕೆಂದು ಮೇಸ್ತ್ರಿಗಳ ಅಂದಾಜು. ಸಾಮಾನ್ಯ ಸಿಮೆಂಟಾದರೆ, ಅಂದರೆ ಓಪಿಸಿಯಾದರೆ, ಅಷ್ಟಕ್ಕೇ ಹೆಚ್ಚುಕಡಿಮೆ 17 ಟನ್ ಇಂಗಾಲದ ಡೈಆಕ್ಸೈಡ್. ಒಬ್ಬ ಭಾರತೀಯನ ಎಂಟು ವರ್ಷದ ಪಾಲು! ಅದರ ಬದಲು ಹಾರುಬೂದಿ ಬೆರೆಸಿದ ಪಿಪಿಸಿ ಕೊಂಡರೆ ಇದರಲ್ಲಿ ಐದು ಟನ್ನಿನಷ್ಟು ಉಳಿಯುತ್ತದೆ. ಲೀಟರಿಗೆ 50 ಕಿಲೊಮೀಟರ್ ಓಡುವ ಮೋಟಾರ್ ಬೈಕನ್ನು ಒಂದು ಲಕ್ಷ ಕಿಲೊಮೀಟರ್ ಓಡಿಸದೆ ನಿಲ್ಲಿಸಿದಷ್ಟು. ಹಾರುಬೂದಿಯೇನೂ ಅಪರೂಪದ ವಸ್ತುವಲ್ಲ. ರಾಯಚೂರಿನ ಶಕ್ತಿನಗರದಂಥ ಕಲ್ಲಿದ್ದಲ ವಿದ್ಯುತ್ ಸ್ಥಾವರಗಳಲ್ಲಿ ಗುಡ್ಡೆ ಬೀಳುವ ಬೂದಿ ಅದು.

ಇದರಲ್ಲೊಂದು ತೊಡಕಿದೆ. ಪಿಪಿಸಿ ನಿಧಾನವಾಗಿ ಗಟ್ಟಿಯಾಗುತ್ತದೆ. ಓಪಿಸಿಗೆ ಕನಿಷ್ಠ ಏಳು ದಿನ ನೀರುಣಿಸಿದರೆ ಇದಕ್ಕೆ ಕನಿಷ್ಠ ಹತ್ತು ದಿನ. ಇಲ್ಲಿನಂಥ ಬಿಸಿಲಿಗೆ ಹದಿನಾಲ್ಕು ದಿನ ಬೇಕು. ಬೇಸಿಗೆಯಲ್ಲಿ ಕೊಡ ನೀರಿಗೂ ಸರದಿ ನಿಲ್ಲುವ ಓಣಿಯಲ್ಲಿ ಇದು ಸಣ್ಣ ಮಾತಲ್ಲ. ಕೆಲಸವನ್ನು ಮಳೆಗಾಲ ಕಳೆದ ಮೇಲೆ ಹಿಡಿದು, ಗೋಡೆಗೆ ಒದ್ದೆ ಗೋಣಿತಾಟು ಹೊದಿಸಿದರೆ ನೀರು ಉಳಿಯುತ್ತದೆ. ಹೊಸ ಗೋಡೆಗೆ ಬೆಳಿಗ್ಗೆ ಸಂಜೆ ನೀರು ಹೊಡೆಯುವ ಕೆಲಸ ಹೇಗೂ ಮನೆಯ ಮಕ್ಕಳ ಪಾಲಿನದೇ.

ಗೋಡೆಗೆ ಸುಟ್ಟ ಇಟ್ಟಿಗೆಯೇ ಬೇಕೆಂದೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ಕೇಂದ್ರದಲ್ಲಿ, ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಸುಡದೆಯೇ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯನ್ನು ರೂಪಿಸಿದರು. ಕೈಯಿಂದ ಒತ್ತುವ ಯಂತ್ರ, ನೂರಕ್ಕೆ ಏಳೆಂಟು ಪಾಲು ಸಿಮೆಂಟು, ಅಷ್ಟೇ. ಆದರೆ ಸೇಡಂ ಸೀಮೆಯ ಎರೆಮಣ್ಣು ಹಿಗ್ಗಿ ಕುಗ್ಗುವ ಜಾತಿ, ಹಾಗೆಯೇ ಒತ್ತಿದರೆ ಬಿರುಕು ಬಿಡುತ್ತದೆ. ಮರಳುಮಿಶ್ರಿತ ಕೆಂಪುಮಣ್ಣು ಸಿಕ್ಕುವಲ್ಲಿ ಮಾತ್ರ ಇದನ್ನು ಯೋಚಿಸಬೇಕು. ಇಲ್ಲವಾದರೆ ಪರಸಿಕಲ್ಲಿನ ಗೋಡೆ ಇದ್ದೇ ಇದೆ. ಅದನ್ನು ಸುಡುವ ಗೊಡವೆ ಇಲ್ಲ, ಗಾಳಿ ಅದರೊಳಗೇ ಉಳಿಯುತ್ತದೆ. ನೆಲಕ್ಕೂ ಅದೇ ಪರಸಿ ಹಾಸಬಹುದು. ಮನೆ ಮಗ್ಗುಲಲ್ಲೇ ಸಿಗುವ ಕಲ್ಲನ್ನು ಬಿಟ್ಟು ಗುಜರಾತಿನಿಂದ ಲಾರಿಯಲ್ಲಿ ಬರುವ, ಭಟ್ಟಿಯಲ್ಲಿ ಸುಟ್ಟ ಟೈಲ್ಸಿಗೆ ಕೈಚಾಚುವುದೇಕೆಂದು ಮಗಳು ಕೇಳಿದರೆ ಅಪ್ಪನ ಬಳಿ ಉತ್ತರ ಇರಲಿಕ್ಕಿಲ್ಲ.

ಮನೆ ಆಗಲೇ ಕಟ್ಟಿ ಆಗಿದೆ ಎನ್ನುವವರಿಗೆ ಉಳಿಯುವುದು ಮಾಳಿಗೆ. ಹಳೆಯ ಮಣ್ಣಿನ ಮಾಳಿಗೆಯ ತಂಪು ಅಜ್ಜಿಯರಿಗೆ ನೆನಪಿದೆ. ಈಗಿನ ಸ್ಲ್ಯಾಬು ಮೇ ತಿಂಗಳ 42-43 ಡಿಗ್ರಿ ಬಿಸಿಲನ್ನು ಕುಡಿದು ರಾತ್ರಿಯೆಲ್ಲ ಕೋಣೆಗೆ ಉಗುಳುತ್ತದೆ, ಕೂಲರ್ ತಿರುಗುತ್ತಲೇ ಇರುತ್ತದೆ. ಮಾಳಿಗೆಗೆ ಎರಡು ಕೈ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಕ್ಕೆ ಹೊಡೆಯುತ್ತದೆ. ಹತ್ತನೆಯ ತರಗತಿಯವರು ಬಳಿಯುವ ಮುಂಚೆ ಒಂದು ವಾರ, ಬಳಿದ ಮೇಲೆ ಒಂದು ವಾರ ಕೋಣೆಯ ತಾಪಮಾನ ಬರೆದಿಟ್ಟರೆ ಶಾಲೆಯ ಪ್ರಾಜೆಕ್ಟೂ ಆಯಿತು. ಬಳಿದ ಸುಣ್ಣ ಒಣಗುವಾಗ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗುತ್ತದೆ; ಭಟ್ಟಿಯಲ್ಲಿ ಕಳೆದುಕೊಂಡದ್ದರಲ್ಲಿ ಒಂದಿಷ್ಟು ಹೀಗೆ ಮನೆಗೆ ಬರುತ್ತದೆ. ಒಂದು ಮಳೆಗಾಲಕ್ಕೆ ಅದು ತೊಳೆದುಹೋಗುತ್ತದೆ. ಮುಂದಿನ ವರ್ಷ ಪರೀಕ್ಷೆ ಮುಗಿದ ವಾರವೇ ಬಕೆಟ್ಟು, ಕುಂಚ ಹಿಡಿದು ಮತ್ತೆ ಏಣಿ ಹತ್ತಬೇಕು.