ಉಸಿರಾಟ ಮತ್ತು ಮಂಡಲ ರಚನೆ: ಅಂತರಂಗದ ನೋವಿಗೊಂದು ಆವರಣ

ಕೆಲವು ತಿಂಗಳುಗಳಿಂದ ಶ್ರೀಮಠಕ್ಕೆ ಬರುವ ಸದ್ಭಕ್ತರಲ್ಲಿ ಹಲವರು, ಅದರಲ್ಲೂ ಬೆಂಗಳೂರಿನಂತಹ ನಗರಗಳಲ್ಲಿ ಉದ್ಯೋಗದಲ್ಲಿರುವವರು, ಒಂದೇ ಬಗೆಯ ಪ್ರಶ್ನೆಯನ್ನು ನಮ್ಮ ಮುಂದಿಡುತ್ತಿದ್ದಾರೆ. ವಾರಾಂತ್ಯದ ಶಿಬಿರಗಳಲ್ಲಿ ದೀರ್ಘಕಾಲ ಉಸಿರಾಟ ಮಾಡಿಸಿ, ಆಮೇಲೆ ಕೈಗೆ ಬಣ್ಣ ಕೊಟ್ಟು ಮಂಡಲ ಬರೆಸುತ್ತಾರಂತೆ. ಇದರಿಂದ ಮನಸ್ಸಿನ ಹಳೆಯ ಗಾಯಗಳು ಮಾಯುತ್ತವೆಯಂತೆ. ನಮ್ಮ ಶಿವಯೋಗವೇ ಹೊಸ ಹೆಸರಿನಲ್ಲಿ ಬಂದಿದೆಯೋ, ಅಲ್ಲಿಗೆ ಹೋಗಬಹುದೋ ಬಾರದೋ ಎಂಬುದು ಅವರ ಜಿಜ್ಞಾಸೆ. ಕೇಳುವವರಲ್ಲಿ ಬರಿಯ ಕುತೂಹಲಿಗಳಿದ್ದಾರೆ. ಮನೆಯವರನ್ನು ಕಳೆದುಕೊಂಡು ವರ್ಷವಾದರೂ ದುಃಖ ಇಳಿಯದವರೂ ಇದ್ದಾರೆ. ಅಂಥವರಿಗೆ ಒಂದೇ ಮಾತಿನಲ್ಲಿ ಉತ್ತರ ಹೇಳಿ ಕಳುಹಿಸುವುದು ಉಚಿತವಲ್ಲ. ಆದುದರಿಂದ ಈ ಪದ್ಧತಿ ಎಲ್ಲಿ ಹುಟ್ಟಿತು, ಅದರಲ್ಲಿ ನಡೆಯುವುದೇನು, ಯಾರು ಎಚ್ಚರದಿಂದಿರಬೇಕು ಎಂಬುದನ್ನು ಇಲ್ಲಿ ವಿವರವಾಗಿ ನಿವೇದಿಸುತ್ತಿದ್ದೇವೆ.

ಮಂಡಲವೆಂದರೆ ನಮ್ಮ ಜನರಿಗೆ ಮೊದಲು ನೆನಪಾಗುವುದು 48 ದಿನಗಳ ವ್ರತ. ಇಲ್ಲಿ ಹೇಳುತ್ತಿರುವುದು ಅದಲ್ಲ. ವೃತ್ತ, ಸುತ್ತುಗಟ್ಟಿದ ಆವರಣ ಎಂಬ ಸಂಸ್ಕೃತದ ಮೂಲಾರ್ಥವೇ ಇಲ್ಲಿ ಪ್ರಸ್ತುತ.

ಉಸಿರನ್ನೂ ಮಂಡಲವನ್ನೂ ಇಂದು ಪ್ರಚಾರದಲ್ಲಿರುವ ರೀತಿಯಲ್ಲಿ ಜೋಡಿಸಿದವರು ಸ್ಟಾನಿಸ್ಲಾವ್ ಗ್ರಾಫ್ ಎಂಬ ಮನೋವೈದ್ಯರು ಮತ್ತು ಅವರ ಪತ್ನಿ ಕ್ರಿಸ್ಟಿನಾ. ಗ್ರಾಫ್ ಅವರು 1931ರಲ್ಲಿ ಪ್ರಾಗ್ ನಗರದಲ್ಲಿ ಜನಿಸಿದವರು. ಅಲ್ಲಿ ಎಲ್‌ಎಸ್‌ಡಿ ಎಂಬ ಮಾದಕದ್ರವ್ಯವನ್ನು ಮನೋಚಿಕಿತ್ಸೆಯಲ್ಲಿ ಬಳಸುವ ಸಂಶೋಧನೆ ನಡೆಸಿ, 1967ರಲ್ಲಿ ಅಮೆರಿಕಕ್ಕೆ ಹೋಗಿ ಮೇರಿಲ್ಯಾಂಡ್‌ನಲ್ಲಿ ಅದೇ ಕಾರ್ಯವನ್ನು ಮುಂದುವರಿಸಿದರು. ಆ ದ್ರವ್ಯಕ್ಕೆ ಕಾನೂನಿನ ನಿರ್ಬಂಧ ಬಿಗಿಯಾದ ಮೇಲೆ, ಯಾವ ದ್ರವ್ಯವೂ ಇಲ್ಲದೆ ಮನಸ್ಸಿನ ಆಳಕ್ಕೆ ಇಳಿಯುವ ದಾರಿ ಯಾವುದೆಂದು ಅರಸತೊಡಗಿದರು. ಕ್ಯಾಲಿಫೋರ್ನಿಯಾದ ಕಡಲತೀರದ ಎಸಲೆನ್ ಸಂಸ್ಥೆಯಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಈ ದಂಪತಿಗಳು ರೂಪಿಸಿದ ಪದ್ಧತಿಯೇ ಹಾಲೋಟ್ರಾಪಿಕ್ ಬ್ರೆತ್‌ವರ್ಕ್. ಗ್ರೀಕ್ ಭಾಷೆಯ ಎರಡು ಪದಗಳಿಂದ ಕಟ್ಟಿದ ಆ ಹೆಸರಿಗೆ ಪೂರ್ಣತೆಯ ಕಡೆಗೆ ಸಾಗುವುದು ಎಂದರ್ಥ.

ಅದರ ವಿಧಾನ ಹೀಗಿದೆ. ಭಾಗವಹಿಸುವವರು ಇಬ್ಬಿಬ್ಬರಾಗಿ ಜೊತೆಗೂಡುತ್ತಾರೆ. ಒಬ್ಬರು ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿ, ವಾಡಿಕೆಗಿಂತ ವೇಗವಾಗಿ ಮತ್ತು ಆಳವಾಗಿ ಉಸಿರಾಡುತ್ತಾರೆ. ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಕಾಯುತ್ತಾರೆ. ಉಪದೇಶ ಮಾಡುವಂತಿಲ್ಲ, ಪ್ರಶ್ನಿಸುವಂತಿಲ್ಲ, ನೀರು ಬೇಕೆಂದರೆ ಕೊಡಬೇಕು, ಎದ್ದರೆ ಆಸರೆಯಾಗಬೇಕು, ಅಷ್ಟೆ. ಜೊತೆಗೆ ಏರಿಳಿತವುಳ್ಳ ಸಂಗೀತ ಕೇಳಿಬರುತ್ತಿರುತ್ತದೆ. ಹೀಗೆ ಎರಡು ಮೂರು ಗಂಟೆಗಳ ಕಾಲ. ಕೆಲವರು ಅಳುತ್ತಾರೆ, ಕೆಲವರು ನಡುಗುತ್ತಾರೆ, ಕೆಲವರಿಗೆ ಬಾಲ್ಯದ ಮರೆತ ಸಂಗತಿಗಳು ಎದ್ದುಬರುತ್ತವೆ, ಕೆಲವರು ಸುಮ್ಮನೆ ನಿದ್ದೆ ಹೋಗುವುದೂ ಉಂಟು. ಅನಂತರ ಉಸಿರಾಡಿದವರಿಗೆ ಒಂದು ದೊಡ್ಡ ಹಾಳೆ ಮತ್ತು ಬಣ್ಣದ ಕಡ್ಡಿಗಳನ್ನು ಕೊಡುತ್ತಾರೆ. ಹಾಳೆಯ ಮೇಲೆ ಮೊದಲೇ ಒಂದು ವೃತ್ತವನ್ನು ಎಳೆದಿರುತ್ತದೆ. ಅದರೊಳಗೆ ಏನನ್ನು ಬರೆಯಬೇಕೆಂಬ ನಿಯಮವಿಲ್ಲ. ಮರುದಿನವೋ ಅದೇ ಸಂಜೆಯೋ ಎಲ್ಲರೂ ಸುತ್ತಲೂ ಕುಳಿತು, ಬಯಸಿದವರು ತಮ್ಮ ಚಿತ್ರವನ್ನು ತೋರಿಸಿ ಮಾತನಾಡುತ್ತಾರೆ.

ಇಷ್ಟು ಪ್ರಬಲವಾದ ಉಸಿರಾಟದ ಬಳಿಕ ಚಿತ್ರವೇಕೆ ಎಂದು ಕೇಳಬಹುದು. ಆಳವಾದ ಅನುಭವಕ್ಕೆ ಕೂಡಲೆ ಮಾತು ಒದಗುವುದಿಲ್ಲ. ಮಾತು ಹುಡುಕಲು ಹೊರಟರೆ ಬುದ್ಧಿ ಅದನ್ನು ತನಗೆ ತಿಳಿದ ಅಚ್ಚಿಗೆ ಹಾಕಿಬಿಡುತ್ತದೆ. ಕೈಗೆ ಆ ಆತುರವಿಲ್ಲ. ಇನ್ನೊಂದು ಕಾರಣ ಇದಕ್ಕಿಂತ ಮುಖ್ಯವಾದುದು: ಉಸಿರಾಟವು ಒಳಗಿರುವುದನ್ನು ಕದಡಿ ಮೇಲೆ ತರುತ್ತದೆ, ವೃತ್ತವು ಅದಕ್ಕೆ ಒಂದು ಎಲ್ಲೆಯನ್ನು ಕೊಡುತ್ತದೆ. ಕಟ್ಟೆಯಿಲ್ಲದ ಕೆರೆಗೆ ಹೊಳೆಯ ನೀರನ್ನು ತಿರುಗಿಸುವವರಿಲ್ಲ. ಕದಡುವ ಕೆಲಸವನ್ನು ಮಾಡಿಸಿ, ಆವರಣ ಕಟ್ಟುವ ಕೆಲಸಕ್ಕೆ ಹತ್ತು ನಿಮಿಷವನ್ನಷ್ಟೇ ಮೀಸಲಿಡುವ ಶಿಬಿರಗಳನ್ನು ಸದ್ಭಕ್ತರು ಸಂದೇಹದಿಂದಲೇ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಮಂಡಲವನ್ನು ಪಾಶ್ಚಾತ್ಯ ಮನಶ್ಶಾಸ್ತ್ರಕ್ಕೆ ತಂದ ಕೀರ್ತಿ ಗ್ರಾಫ್ ಅವರದಲ್ಲ. ಸ್ವಿಟ್ಜರ್ಲೆಂಡ್‌ನ ಕಾರ್ಲ್ ಗುಸ್ಟಾವ್ ಯೂಂಗ್ (1875–1961) ಮೊದಲ ಮಹಾಯುದ್ಧದ ಕಾಲದಲ್ಲಿ, ಬ್ರಿಟಿಷ್ ಸೈನಿಕರನ್ನು ಇರಿಸಿದ್ದ ಒಂದು ಶಿಬಿರದಲ್ಲಿ ಅಧಿಕಾರಿಯಾಗಿದ್ದರು. ಅಲ್ಲಿ ಪ್ರತಿದಿನ ಬೆಳಗ್ಗೆ ಒಂದು ಪುಟ್ಟ ಪುಸ್ತಕದಲ್ಲಿ ವೃತ್ತಾಕಾರದ ಚಿತ್ರವೊಂದನ್ನು ಬರೆಯುತ್ತಿದ್ದರು. ಅದು ಅಂದಿನ ತಮ್ಮ ಒಳಸ್ಥಿತಿಗೆ ಹೊಂದಿಕೊಂಡಿರುವುದನ್ನು ಕ್ರಮೇಣ ಕಂಡುಕೊಂಡರು. ಒಮ್ಮೆ ಪರಿಚಿತ ಮಹಿಳೆಯೊಬ್ಬರ ಪತ್ರ ಓದಿ ಮನಸ್ಸು ಕೆರಳಿತು. ಮರುದಿನದ ಚಿತ್ರದಲ್ಲಿ ವೃತ್ತದ ಅಂಚು ಒಂದು ಕಡೆ ಒಡೆದುಹೋಗಿತ್ತು ಎಂದು ಅವರು ತಮ್ಮ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ಇದೇ ಯೂಂಗ್ ಅವರು 1938ರಲ್ಲಿ ಭಾರತ ಪ್ರವಾಸದಲ್ಲಿದ್ದಾಗ ಮೈಸೂರಿಗೂ ಬಂದು, ಮಹಾರಾಜರಿಗೆ ತತ್ತ್ವಶಾಸ್ತ್ರದ ಗುರುಗಳಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ಚರ್ಚೆ ನಡೆಸಿದ್ದರೆಂಬುದು ಕನ್ನಡಿಗರಾದ ನಮಗೆ ಸಂತೋಷದ ಸಂಗತಿ.

ಮೇರಿಲ್ಯಾಂಡ್‌ನಲ್ಲಿ ಗ್ರಾಫ್ ಅವರೊಂದಿಗೆ ಕೆಲಸ ಮಾಡಿದ ಜೋನ್ ಕೆಲಾಗ್ ಎಂಬ ಕಲಾಚಿಕಿತ್ಸಕಿ ರೋಗಿಗಳ ಮಂಡಲಗಳನ್ನು ಅಧ್ಯಯನ ಮಾಡಿ, ಬಣ್ಣ ಮತ್ತು ಆಕಾರಗಳಿಂದ ಮನಸ್ಥಿತಿಯನ್ನು ಅರಿಯುವ ಒಂದು ಕ್ರಮವನ್ನೇ ರಚಿಸಿದರು. ಅವರ ಪರಿಶ್ರಮದ ಬಗ್ಗೆ ನಮಗೆ ಗೌರವವಿದೆ. ಆದರೆ ಅರ್ಧಂಬರ್ಧ ಕಲಿತವರ ಕೈಯಲ್ಲಿ ಇದು ಪಂಚಾಂಗ ನೋಡಿ ಫಲ ಹೇಳಿದಂತೆ ಆಗಿಬಿಡುತ್ತದೆ. ಕಪ್ಪು ಬಣ್ಣ ಹೆಚ್ಚಿದೆ, ನಿಮ್ಮೊಳಗೆ ಸಾವಿನ ಭಯವಿದೆ ಎಂದು ದುಃಖದಲ್ಲಿರುವವರಿಗೆ ಯಾರೋ ಹೇಳಿಬಿಟ್ಟರೆ, ಆ ಮಾತು ಬಹುಕಾಲ ಚುಚ್ಚುತ್ತಿರುತ್ತದೆ. ಗ್ರಾಫ್ ದಂಪತಿಗಳ ಪದ್ಧತಿಯಲ್ಲಿಯೂ ನಡೆಸುವವರು ಚಿತ್ರಕ್ಕೆ ಅರ್ಥ ಹೇಳಕೂಡದು. ಬರೆದವರೇ ತಮಗೆ ತೋಚಿದ್ದನ್ನು ಹೇಳಬೇಕು.

ಮಂಡಲದ ಮೂಲ ಸಂಪ್ರದಾಯವನ್ನು ಕಾಣಲು ನಾವು ದೂರ ಹೋಗಬೇಕಿಲ್ಲ. ಬೈಲಕುಪ್ಪೆ ಮತ್ತು ಮುಂಡಗೋಡಿನ ಟಿಬೆಟನ್ ವಸಾಹತುಗಳಲ್ಲಿ ಸೆರಾ, ಡ್ರೆಪುಂಗ್, ಗಾಂಡೆನ್ ಮೊದಲಾದ ಬೌದ್ಧ ಮಠಗಳಿವೆ. ಟಿಬೆಟನ್ ಭಿಕ್ಷುಗಳು ವಿಶೇಷ ಸಂದರ್ಭಗಳಲ್ಲಿ ಬಣ್ಣದ ಮರಳಿನಿಂದ ಮಂಡಲ ರಚಿಸುತ್ತಾರೆ. ಉದ್ದನೆಯ ಲೋಹದ ಕೊಳವೆಯಲ್ಲಿ ಮರಳು ತುಂಬಿ, ಅದರ ಗೀರುಗಳ ಮೇಲೆ ಇನ್ನೊಂದು ಸಲಾಕೆಯಿಂದ ಮೆಲ್ಲನೆ ಉಜ್ಜಿದರೆ ಕಣಕಣವಾಗಿ ಮರಳು ಉದುರುತ್ತದೆ. ನಡುವಿನಿಂದ ಹೊರಕ್ಕೆ ಬೆಳೆಯುವ ಈ ಕೆಲಸ ಹಲವು ದಿನ ನಡೆಯುತ್ತದೆ. ಕೊನೆಗೆ ಅದನ್ನು ಗುಡಿಸಿ ಒಟ್ಟುಮಾಡಿ ಹರಿಯುವ ನೀರಿಗೆ ಬಿಡುತ್ತಾರೆ. ಅಲ್ಲಿ ಚಿತ್ರದ ಗೆರೆಗೆರೆಯೂ ಶಾಸ್ತ್ರನಿಯತ. ಬರೆಯುವವರ ಮನಸ್ಸಿಗೆ ತೋಚಿದ್ದಕ್ಕೆ ಅವಕಾಶವಿಲ್ಲ. ಗ್ರಾಫ್ ಅವರ ಮಂಡಲದಲ್ಲಿ ಶಾಸ್ತ್ರವಿಲ್ಲ, ಇರುವುದು ತೋಚಿದ್ದು ಮಾತ್ರ. ಹೆಸರು ಒಂದೇ ಆದರೂ ಮಾರ್ಗಗಳು ಬೇರೆ. ನಮ್ಮ ತಾಯಂದಿರು ಅಂಗಳ ಸಾರಿಸಿ ಚುಕ್ಕಿಯಿಟ್ಟು ಎಳೆಯುವ ರಂಗೋಲಿ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಚುಕ್ಕಿಯ ಲೆಕ್ಕ ತಪ್ಪುವಂತಿಲ್ಲ, ಆದರೆ ಎಳೆಯ ತಿರುವು ಎಳೆಯುವವರದು.

ಇನ್ನು ಇದರಿಂದ ಗುಣವುಂಟೇ ಎಂಬ ಪ್ರಶ್ನೆ. ಅಮೆರಿಕದಲ್ಲಿ ಕರಿ ಮತ್ತು ಕಾಸರ್ ಎಂಬ ಸಂಶೋಧಕರು 84 ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಆತಂಕವನ್ನು ನೆನಪಿಗೆ ತಂದುಕೊಂಡ ಬಳಿಕ ಕೆಲವರಿಗೆ ಮಂಡಲಕ್ಕೂ, ಕೆಲವರಿಗೆ ಚೌಕುಳಿ ವಿನ್ಯಾಸಕ್ಕೂ ಬಣ್ಣ ತುಂಬಲು, ಇನ್ನು ಕೆಲವರಿಗೆ ಖಾಲಿ ಹಾಳೆಯ ಮೇಲೆ ಬಣ್ಣ ಹಾಕಲು ಹೇಳಲಾಯಿತು. ಮಂಡಲದವರ ಆತಂಕ ಖಾಲಿ ಹಾಳೆಯವರಿಗಿಂತ ಹೆಚ್ಚು ಇಳಿಯಿತು. ಮಂಡಲದ ಪ್ರಚಾರಕರು ಇಷ್ಟನ್ನು ಮಾತ್ರ ಹೇಳುತ್ತಾರೆ. ಚೌಕುಳಿಗೆ ಬಣ್ಣ ತುಂಬಿದವರ ಆತಂಕವೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತೆಂಬುದನ್ನು ಬಿಟ್ಟುಬಿಡುತ್ತಾರೆ. ಗುಣವಿರುವುದು ಮಂಡಲದ ಯಾವುದೋ ಗುಪ್ತಶಕ್ತಿಯಲ್ಲಿ ಎನ್ನುವುದಕ್ಕಿಂತ, ಅಲೆಯುವ ಮನಸ್ಸಿಗೆ ಒಂದು ಚೌಕಟ್ಟನ್ನೂ ಕೈಗೆ ಒಂದು ಕೆಲಸವನ್ನೂ ಕೊಡುವುದರಲ್ಲಿ ಎಂದು ತಿಳಿಯುವುದೇ ಯುಕ್ತ.

ಉಸಿರಿನ ವಿಷಯದಲ್ಲಿ ನಿಧಾನಕ್ಕೂ ವೇಗಕ್ಕೂ ಇರುವ ಅಂತರವನ್ನು ಅರಿಯಬೇಕು. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಅದನ್ನು ಸುಮಾರು 6ಕ್ಕೆ ಇಳಿಸಿದಾಗ ಹೃದಯದ ಬಡಿತ ಮತ್ತು ರಕ್ತದೊತ್ತಡಗಳ ನಡುವಿನ ಹೊಂದಾಣಿಕೆ ಉತ್ತಮಗೊಳ್ಳುತ್ತದೆ. ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನವು ಭಕ್ತರಿಗೆ ವಿಶೇಷವಾಗಿ ರುಚಿಸೀತು: ಕ್ರೈಸ್ತರ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆಯನ್ನಾಗಲಿ ಬೌದ್ಧರ ಮಂತ್ರವನ್ನಾಗಲಿ 23 ಮಂದಿ ಆರೋಗ್ಯವಂತರಿಂದ ಪಠಿಸಿದಾಗ, ಎರಡರಲ್ಲೂ ಅವರ ಉಸಿರು ತಾನಾಗಿ ನಿಮಿಷಕ್ಕೆ 6ರ ಸಮೀಪಕ್ಕೆ ಬಂದಿತು.

ವೇಗದ ಉಸಿರಾಟದ ಪರಿಣಾಮ ಇದಕ್ಕೆ ವಿರುದ್ಧ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮೆದುಳಿನ ರಕ್ತನಾಳಗಳು ಸಂಕುಚಿಸುತ್ತವೆ, ತಲೆ ಹಗುರಾಗುತ್ತದೆ, ತುಟಿ ಜುಮ್ಮೆನ್ನುತ್ತದೆ, ಕೈಬೆರಳುಗಳು ಸೆಟೆದುಕೊಳ್ಳುತ್ತವೆ. ಇದನ್ನು ಕುಂಡಲಿನಿ ಜಾಗೃತಿಯೆಂದೋ ಮೈಮೇಲೆ ದೇವರು ಬಂದುದೆಂದೋ ಬಣ್ಣಿಸಿದರೆ ನಂಬಬಾರದು, ಅದು ಶರೀರಧರ್ಮ. ಹೃದ್ರೋಗ, ಅಧಿಕ ರಕ್ತದೊತ್ತಡ, ಅಪಸ್ಮಾರ, ಕಣ್ಣಿನ ಒತ್ತಡದ ಕಾಯಿಲೆ ಇರುವವರು, ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ತೀವ್ರ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದವರು ಇದರಿಂದ ದೂರವಿರಬೇಕೆಂದು ಈ ಪದ್ಧತಿಯವರೇ ಹೇಳುತ್ತಾರೆ. ಸ್ಕಾಟ್ಲೆಂಡ್‌ನ ಫೈಂಡ್‌ಹಾರ್ನ್ ಪ್ರತಿಷ್ಠಾನವು ವೈದ್ಯಕೀಯ ಅಭಿಪ್ರಾಯವೊಂದರ ಹಿನ್ನೆಲೆಯಲ್ಲಿ 1993ರಲ್ಲಿ ತನ್ನ ಹಾಲೋಟ್ರಾಪಿಕ್ ಶಿಬಿರಗಳನ್ನು ನಿಲ್ಲಿಸಿತು. ನಮ್ಮ ಹಠಯೋಗದ ಗ್ರಂಥಗಳು ಕೂಡ ಪ್ರಾಣವನ್ನು ಕಾಡುಮೃಗವನ್ನು ಪಳಗಿಸುವಂತೆ ಮೆಲ್ಲಮೆಲ್ಲನೆ ಪಳಗಿಸಬೇಕೆಂದೂ, ಆತುರಪಟ್ಟರೆ ಅದು ಸಾಧಕನನ್ನೇ ಕೆಡಿಸುವುದೆಂದೂ ಎಚ್ಚರಿಸಿವೆ.

ಇದು ಶಿವಯೋಗವೇ ಎಂಬ ಪ್ರಶ್ನೆಗೆ ಈಗ ಬರೋಣ. ಷಟ್‌ಸ್ಥಲದಲ್ಲಿ ನಾಲ್ಕನೆಯದು ಪ್ರಾಣಲಿಂಗಿಸ್ಥಲ. ಪ್ರಾಣವೇ ಲಿಂಗವೆಂಬ ಅರಿವು ನೆಲೆಗೊಳ್ಳುವ ಹಂತವದು. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿ ನಿಲ್ಲಿಸಿದಾಗ ಉಸಿರು ತಾನಾಗಿ ನಿಧಾನವಾಗುವುದನ್ನು ನಿತ್ಯಪೂಜೆ ಮಾಡುವವರೆಲ್ಲ ಬಲ್ಲರು. ಇಷ್ಟರಿಂದಲೇ ಇವೆಲ್ಲ ನಮ್ಮ ಶರಣರು ಹನ್ನೆರಡನೆಯ ಶತಮಾನದಲ್ಲೇ ಹೇಳಿದ್ದು ಎಂದು ವೇದಿಕೆಯ ಮೇಲೆ ಘೋಷಿಸುವ ಹುಮ್ಮಸ್ಸು ಕೆಲವರಲ್ಲಿ ಕಾಣುತ್ತಿದೆ. ಅದು ಶರಣರಿಗೂ ಗ್ರಾಫ್ ಅವರಿಗೂ ಮಾಡುವ ಅನ್ಯಾಯ. ಪ್ರಾಣಲಿಂಗಿಯ ಗುರಿ ಲಿಂಗಾಂಗ ಸಾಮರಸ್ಯ. ಗ್ರಾಫ್ ಅವರ ಪದ್ಧತಿಯ ಗುರಿ ಮನಸ್ಸಿನ ಚಿಕಿತ್ಸೆ ಮತ್ತು ಸ್ವಶೋಧನೆ. ಜ್ವರಕ್ಕೆ ಮಾತ್ರೆ ನುಂಗಿದವರು ಪೂಜೆ ಬಿಟ್ಟರೆಂದು ನಾವು ಹೇಳುವುದಿಲ್ಲ, ಮಾತ್ರೆಯೇ ಪೂಜೆಯೆಂದೂ ಹೇಳುವುದಿಲ್ಲ.

ಆಸಕ್ತರು ತೀವ್ರವಾದ ಉಸಿರಾಟಕ್ಕೆ ಹೋಗದೆಯೇ ಈ ಜೋಡಣೆಯ ಸಾರವನ್ನು ಮನೆಯಲ್ಲಿ ಸೌಮ್ಯವಾಗಿ ಅನುಸರಿಸಬಹುದು. ಊಟವಾಗಿ ಎರಡು ಗಂಟೆ ಕಳೆದಿರಲಿ. ಊಟದ ತಟ್ಟೆಯನ್ನು ಬಿಳಿ ಹಾಳೆಯ ಮೇಲೆ ಬೋರಲಿಟ್ಟು ವೃತ್ತವೊಂದನ್ನು ಮೊದಲೇ ಎಳೆದಿಟ್ಟುಕೊಳ್ಳಿ; ಕೈವಾರ ಬೇಕಿಲ್ಲ. ಮಕ್ಕಳ ಬಣ್ಣದ ಪೆನ್ಸಿಲ್ಲುಗಳೇ ಸಾಕು. ಬೆನ್ನು ನೇರವಾಗಿ ಕುಳಿತು, ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರನ್ನು ಒಳಗೆ ತೆಗೆದುಕೊಂಡು, ಆರು ಎಣಿಸುವಷ್ಟು ಹೊತ್ತು ಹೊರಗೆ ಬಿಡಬೇಕು. ಹಿಡಿದು ನಿಲ್ಲಿಸುವುದು ಬೇಡ. ಹತ್ತು ನಿಮಿಷ ಸಾಕು. ನಡುವೆ ತಲೆ ಸುತ್ತಿದಂತಾದರೆ ಸಹಜ ಉಸಿರಿಗೆ ಮರಳಬೇಕು. ಆಮೇಲೆ ಯಾರೊಡನೆಯೂ ಮಾತನಾಡದೆ, ಮೊಬೈಲ್ ನೋಡದೆ, ಕೈ ಯಾವ ಬಣ್ಣದ ಕಡೆ ಹೋಗುವುದೋ ಅದನ್ನೇ ಎತ್ತಿಕೊಂಡು ವೃತ್ತದೊಳಗೆ ಬರೆಯಬೇಕು. ಚೆಂದವಾಗಬೇಕೆಂಬ ಹಟ ಬೇಡ. ವೃತ್ತದ ಅರ್ಧ ಖಾಲಿ ಉಳಿದರೂ ತೊಂದರೆಯಿಲ್ಲ. ಮುಗಿದ ಮೇಲೆ ಹಿಂಬದಿಯಲ್ಲಿ ದಿನಾಂಕವನ್ನೂ, ಯಾವುದು ಮೇಲ್ಭಾಗವೆಂಬುದನ್ನೂ, ತೋಚಿದ ಎರಡು ಮಾತುಗಳನ್ನೂ ಬರೆದಿಡಿ. ಹತ್ತು ಹದಿನೈದು ಚಿತ್ರಗಳಾದ ಮೇಲೆ ಸಾಲಾಗಿ ಹರಡಿ ನೋಡಿದರೆ, ಒಂದೊಂದರಲ್ಲಿ ಕಾಣದ್ದು ಸಾಲಿನಲ್ಲಿ ಕಾಣಬಹುದು.

ಮನೆಯವರು ಅದನ್ನು ನೋಡಿ ನಗಬಾರದು, ಹೊಗಳುವುದೂ ಬೇಡ. ಬರೆದವರು ತಾವಾಗಿ ತೋರಿಸಿದರೆ ನೋಡಿದರಾಯಿತು.

ಬರೆಯುತ್ತಿರುವಾಗ ಕಣ್ಣೀರು ಬಂದರೆ ಹೆದರಬೇಕಿಲ್ಲ. ಆದರೆ ಹಳೆಯ ಆಘಾತದ ನೆನಪುಗಳು ಬೆನ್ನು ಬಿಡದೆ ಕಾಡಿದರೆ, ಎರಡು ವಾರವಾದರೂ ನಿದ್ದೆ ಊಟ ಸರಿಹೋಗದಿದ್ದರೆ ಅಭ್ಯಾಸವನ್ನು ನಿಲ್ಲಿಸಿ ಮನೋವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬಾರದು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416; ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ವೈದ್ಯರು ಕೊಟ್ಟ ಔಷಧವನ್ನು ಸೇವಿಸುತ್ತಿರುವವರು ಈ ಅಭ್ಯಾಸವನ್ನು ನೆಚ್ಚಿ ಅದನ್ನು ಬಿಡಕೂಡದು. ಔಷಧದ ಜೊತೆಗೆ ಇದನ್ನು ಮಾಡಬಹುದೇ ಎಂಬುದನ್ನು ಅವರನ್ನೇ ಕೇಳಿಕೊಳ್ಳತಕ್ಕದ್ದು.