ಸೆರೆಮನೆಯಿಂದ ಬಂದ ಪ್ರಶ್ನೆ

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನೊಳಗೊಂಡ ಅವಧಿಯನ್ನು ಕಥೋಲಿಕ ಧರ್ಮಸಭೆ ಆಗಮನಕಾಲವೆಂದು ಕರೆಯುತ್ತದೆ. ಈ ದಿನಗಳಲ್ಲಿ ಇಗರ್ಜಿಯೊಳಗೆ ಕಾಲಿಟ್ಟ ಅನ್ಯಮತೀಯ ಮಿತ್ರರು ಕೆಲವರು ನನ್ನೊಡನೆ ತಮ್ಮ ಆಶ್ಚರ್ಯವನ್ನು ಹೇಳಿಕೊಂಡದ್ದುಂಟು. ಹೊರಗೆ ಅಂಗಡಿಗಳಲ್ಲಿ ನಕ್ಷತ್ರದ ದೀಪಗಳು ತೂಗುತ್ತಿರುತ್ತವೆ. ಒಳಗೆ ಗುರುಗಳ ಪೂಜಾವಸ್ತ್ರ ನೇರಳೆ ಬಣ್ಣದ್ದು. ಭಾನುವಾರದ ಪಾಠಗಳಲ್ಲಿಯೂ ಗೋದಲಿಯಾಗಲಿ ಕೂಸಾಗಲಿ ಕಾಣಿಸುವುದಿಲ್ಲ. ಮೊದಲ ಭಾನುವಾರದ ಶುಭಸಂದೇಶ ಕಾಲದ ಅಂತ್ಯವನ್ನು ಕುರಿತದ್ದು. ಎಚ್ಚರವಾಗಿರಿ ಎಂಬುದು ಅದರ ಸಾರ. ಎರಡನೆಯ ಮತ್ತು ಮೂರನೆಯ ಭಾನುವಾರಗಳು ಸ್ನಾನಿಕ ಯೊವಾನ್ನನವು. ಮರಿಯಳೋ ಜೋಸೆಫನೋ ಬರುವುದು ನಾಲ್ಕನೆಯ ಭಾನುವಾರಕ್ಕೆ.

ಈ ಪಾಠಗಳ ಈಗಿನ ಜೋಡಣೆ ತೀರ ಹಳೆಯದಲ್ಲ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ, ಬೈಬಲಿನ ಭಂಡಾರವನ್ನು ಜನರಿಗೆ ಇನ್ನಷ್ಟು ಧಾರಾಳವಾಗಿ ತೆರೆದಿಡಬೇಕೆಂದು ವಿಧಿಸಿತು. ಅದರ ಫಲವಾಗಿ 1969ರಲ್ಲಿ ಹೊಸ ವಾಚನಕ್ರಮ ಪ್ರಕಟವಾಯಿತು. ಅದಕ್ಕೆ ಮುನ್ನ ಪ್ರತಿವರ್ಷವೂ ಅವೇ ಪಾಠಗಳು ಮರಳಿ ಬರುತ್ತಿದ್ದವು; ಭಾನುವಾರದ ಪೂಜೆಯಲ್ಲಿ ಹಳೆಯ ಒಡಂಬಡಿಕೆಯ ವಾಚನ ಬಲು ಅಪರೂಪವಾಗಿತ್ತು. ಈಗಿನದು ಮೂರು ವರ್ಷಗಳ ಚಕ್ರ. ಮೊದಲ ವರ್ಷ ಮತ್ತಾಯನಿಗೆ, ಎರಡನೆಯದು ಮಾರ್ಕನಿಗೆ, ಮೂರನೆಯದು ಲೂಕನಿಗೆ ಸೇರಿದ್ದು. ಮೊದಲ ವರ್ಷದ ಆಗಮನಕಾಲದಲ್ಲಿ ನಾಲ್ಕು ಭಾನುವಾರವೂ ಶುಭಸಂದೇಶಕ್ಕೆ ಮುನ್ನ ಪ್ರವಾದಿ ಯೆಶಾಯನ ವಾಣಿ ಕೇಳಿಬರುತ್ತದೆ.

ಆ ವರ್ಷದ ಮೂರನೆಯ ಭಾನುವಾರವನ್ನು ಕುರಿತೇ ನಾನಿಂದು ಮಾತನಾಡಬೇಕೆಂದಿದ್ದೇನೆ. ಅದು ಸಂತೋಷದ ಭಾನುವಾರ. ಸಂತೋಷಿಸಿರಿ ಎಂಬ ಅರ್ಥದ 'ಗೌದೆತೆ' ಎಂಬ ಲ್ಯಾಟಿನ್ ಪದವೇ ಅದರ ಹೆಸರು. ಅಂದು ನೇರಳೆಯ ಬದಲು ಗುಲಾಬಿ ಬಣ್ಣದ ವಸ್ತ್ರವನ್ನು ಧರಿಸುವ ರೂಢಿಯಿದೆ. ಮೊದಲ ವಾಚನ ಯೆಶಾಯನ ಮೂವತ್ತೈದನೆಯ ಅಧ್ಯಾಯ: ಮರುಭೂಮಿ ಹೂಬಿಡುತ್ತದೆ, ಕುರುಡರ ಕಣ್ಣು ತೆರೆಯುತ್ತದೆ, ಕುಂಟರು ಜಿಂಕೆಯಂತೆ ನೆಗೆಯುತ್ತಾರೆ. ಎರಡನೆಯದು ಯಕೋಬನ ಪತ್ರ. ಮೊದಲ ಮಳೆಗೂ ಕಡೆಯ ಮಳೆಗೂ ತಾಳ್ಮೆಯಿಂದ ಕಾಯುವ ಬೇಸಾಯಗಾರನ ಚಿತ್ರ ಅಲ್ಲಿದೆ. ಮುಂಗಾರು, ಹಿಂಗಾರು ಎಂದೊಡನೆ ಕನ್ನಡ ಕಿವಿಗೆ ಅದು ನಮ್ಮ ಹೊಲದ ಮಾತೇ ಆಗಿಬಿಡುತ್ತದೆ. ಆದರೆ ಪ್ಯಾಲೆಸ್ಟೈನಿನಲ್ಲಿ ಬಿತ್ತನೆಗೆ ನೆಲವನ್ನು ಮೆತ್ತಗಾಗಿಸುವ ಮೊದಲ ಮಳೆ ಬೀಳುವುದು ನಮ್ಮ ಹಿಂಗಾರಿನ ಹೊತ್ತಿಗೆ; ಕಾಳು ತುಂಬಿಸುವ ಕಡೆಯ ಮಳೆ ನಮ್ಮ ಬೇಸಗೆ ಹತ್ತುವಾಗ. ಪದಗಳು ನಮ್ಮವಾದರೂ ಋತುಗಳು ನಮ್ಮವಲ್ಲ.

ಇಷ್ಟಾದ ಮೇಲೆ ಬರುವ ಶುಭಸಂದೇಶ ಒಂದು ಸೆರೆಮನೆಯದು. ಹೆರೋದನ ಅಕ್ರಮ ವಿವಾಹವನ್ನು ಖಂಡಿಸಿ ಬಂಧಿತನಾಗಿದ್ದ ಯೊವಾನ್ನ ತನ್ನ ಶಿಷ್ಯರನ್ನು ಯೇಸುವಿನ ಬಳಿಗೆ ಅಟ್ಟುತ್ತಾನೆ. ಬರಬೇಕಾದವರು ತಾವೇ ಹೌದೋ, ಇಲ್ಲ ಇನ್ನೊಬ್ಬರಿಗಾಗಿ ಕಾಯಬೇಕೋ ಎಂಬುದು ಅವನ ಪ್ರಶ್ನೆ. ಅವನನ್ನಿಟ್ಟಿದ್ದ ಕೋಟೆ, ಇತಿಹಾಸಕಾರ ಜೋಸೆಫಸ್ ಹೇಳುವಂತೆ, ಮೃತ ಸಮುದ್ರದ ಮೂಡಣ ದಿಕ್ಕಿನ ಮಖೇರುಸ್. ಹೊಳೆಯ ದಡದಲ್ಲಿ ನಿಂತು, ಬರುವವನು ಬಂದೇ ಬರುತ್ತಾನೆಂದು ಗುಡುಗಿದ್ದವನು ಕತ್ತಲೆಯಲ್ಲಿ ಕುಳಿತು ಹೀಗೆ ಕೇಳಬಹುದೆ? ನಾಲ್ಕನೆಯ ಶತಮಾನದ ಸಂತ ಕ್ರಿಸೊಸ್ತೊಮರಿಗೆ ಅದು ಒಪ್ಪಿಗೆಯಾಗಲಿಲ್ಲ. ಯೊವಾನ್ನ ಕೇಳಿಸಿದ್ದು ತನ್ನ ಶಿಷ್ಯರ ಸಂಶಯ ನೀಗಲೆಂದು ಎಂದರು. ಅವರಿಗಿಂತ ಹಿಂದಿನ ತೆರ್ತುಲ್ಲಿಯನ್ ಮಾತ್ರ ಅದು ಯೊವಾನ್ನನದೇ ಸಂಶಯವೆಂದು ಬರೆದಿದ್ದಾನೆ. ಸಂತರ ಮೇಲಿನ ಗೌರವಕ್ಕೆ ಕುಂದಿಲ್ಲದೆ ಹೇಳುವುದಾದರೆ, ನನ್ನ ಮನಸ್ಸು ತೆರ್ತುಲ್ಲಿಯನ್ ಕಡೆಗೇ.

ಯೇಸು ಹೌದು ಎನ್ನುವುದಿಲ್ಲ, ಅಲ್ಲವೆನ್ನುವುದಿಲ್ಲ. ಕಂಡದ್ದನ್ನೂ ಕೇಳಿದ್ದನ್ನೂ ಹೋಗಿ ತಿಳಿಸಿರೆಂದು ಕಳುಹಿಸುತ್ತಾನೆ: ಕುರುಡರಿಗೆ ನೋಟ, ಕುಂಟರಿಗೆ ನಡಿಗೆ, ಕುಷ್ಠರೋಗಿಗಳಿಗೆ ಶುದ್ಧಿ, ಕಿವುಡರಿಗೆ ಶ್ರವಣ, ಸತ್ತವರಿಗೆ ಜೀವ, ಬಡವರಿಗೆ ಶುಭವಾರ್ತೆ.

ಈ ಪಾಠವನ್ನು ನಾನು ಎಷ್ಟೋ ಸಲ ಕೇಳಿದ್ದೆ. 2022ರ ಡಿಸೆಂಬರ್ 11ರಂದು ಪೂಜೆ ಮುಗಿಸಿ ಬಂದು, ಪ್ರತಿ ಭಾನುವಾರದಂತೆ, ಅಂದಿನ ವಾಚನಗಳನ್ನು ನನ್ನ ಅಣ್ಣನಿಗೆ ಓದಿಹೇಳಿದೆ. ಪಾರ್ಶ್ವವಾಯು ಹೊಡೆದು ಅವನು ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. "ಆ ಉತ್ತರ ಇನ್ನೊಂದು ಸಲ ಓದೋ" ಎಂದ. ಓದಿದೆ. ಸರಿಯಿದ್ದ ಕೈಯ ಬೆರಳು ಮಡಿಸುತ್ತ ಎಣಿಸಿದ. "ಕುರುಡರಿಗಾಯ್ತು, ಕುಂಟರಿಗಾಯ್ತು. ಒಳಗೆ ಕೂತು ಕೇಳಿ ಕಳಿಸಿದವನಿಗೆ ಏನು ಬಂತೋ?"

ಮೂವತ್ತು ವರ್ಷ ಕಾವ್ಯಪಾಠ ಹೇಳಿದವನು ನಾನು. ಹೇಳದೆ ಬಿಟ್ಟ ಮಾತಿನ ಕಡೆ ಕಣ್ಣಿಡಬೇಕೆಂದು ವಿದ್ಯಾರ್ಥಿಗಳಿಗೆ ಬೋಧಿಸುತ್ತಿದ್ದವನಿಗೆ ಇದು ಕಂಡಿರಲಿಲ್ಲ. ಯೇಸುವಿನ ಉತ್ತರ ಯೆಶಾಯನ ನುಡಿಗಳಿಂದಲೇ ನೇಯ್ದದ್ದು. ಬಡವರ ಶುಭವಾರ್ತೆಯ ಮೂಲ ಅರವತ್ತೊಂದನೆಯ ಅಧ್ಯಾಯದಲ್ಲಿದೆ. ಅದೇ ವಾಕ್ಯದಲ್ಲಿ ಸೆರೆಯವರ ಬಿಡುಗಡೆಯ ಭರವಸೆಯೂ ಇದೆ. ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೇಸು ಈ ಭಾಗವನ್ನು ಬಿಡುಗಡೆಯ ಮಾತಿನೊಡನೆಯೇ ಓದಿದನೆಂದು ಲೂಕ ಬರೆದಿದ್ದಾನೆ. ಸೆರೆಯಾಳಿಗೆ ಕಳುಹಿಸಿದ ಉತ್ತರದಲ್ಲಿ ಮಾತ್ರ ಅದೊಂದು ಇಲ್ಲ. ಯೊವಾನ್ನನಿಗೆ ಯೆಶಾಯ ಕಂಠಸ್ಥನಾಗಿದ್ದಿರಬೇಕು. ಬಿಟ್ಟದ್ದು ಯಾವುದೆಂದು ಅವನಿಗೆ ತಿಳಿಯದೆ ಹೋಗಿರಲಾರದು. ತನ್ನ ವಿಷಯದಲ್ಲಿ ಎಡವದವನು ಧನ್ಯನೆಂದು ಯೇಸು ಕೊನೆಗೆ ಸೇರಿಸುವ ಮಾತು ಆಗ ಬೇರೆಯಾಗಿಯೇ ಕೇಳಿಸುತ್ತದೆ. ಸ್ತ್ರೀಯರಲ್ಲಿ ಹುಟ್ಟಿದವರಲ್ಲಿ ಯೊವಾನ್ನನಿಗಿಂತ ದೊಡ್ಡವನಿಲ್ಲವೆಂದು ಯೇಸು ಹೊಗಳಿದ್ದೂ ದೂತರು ಬೆನ್ನುಹಾಕಿ ಹೊರಟ ಮೇಲೆಯೇ. ಮೂರು ಅಧ್ಯಾಯ ಕಳೆಯುವಷ್ಟರಲ್ಲಿ ಯೊವಾನ್ನನ ತಲೆ ಹರಿವಾಣಕ್ಕೆ ಬರುತ್ತದೆ.

ಹಳೆಯ ಕ್ರಮದಲ್ಲಿ ಈ ಪಾಠ ಎರಡನೆಯ ಭಾನುವಾರದಲ್ಲಿತ್ತು. ಹೊಸ ಕ್ರಮವನ್ನು ಹೊಂದಿಸಿದವರು ಅದನ್ನು ಎತ್ತಿ ಸಂತೋಷದ ಭಾನುವಾರದಲ್ಲಿಯೇ ಇಟ್ಟರು. ಅಷ್ಟಕ್ಕೇ ನಿಲ್ಲಲಿಲ್ಲ. ಮರುವರ್ಷ ಅದೇ ಮೂರನೆಯ ಭಾನುವಾರಕ್ಕೆ ಗೊತ್ತುಪಡಿಸಿದ ಮೊದಲ ವಾಚನ ಯೆಶಾಯನ ಆ ಅರವತ್ತೊಂದನೆಯ ಅಧ್ಯಾಯ.

ಅಣ್ಣ 2023ರ ಮಳೆಗಾಲದಲ್ಲಿ ತೀರಿಕೊಂಡ. ಆ ಡಿಸೆಂಬರ್ 17ರ ಭಾನುವಾರ ನಮ್ಮ ಇಗರ್ಜಿಯಲ್ಲಿ ಮೊದಲ ವಾಚನದ ಸರದಿ ನನ್ನದಾಗಿತ್ತು. ಬಡವರ ಮಾತು ಮುಗಿಸಿ ಸೆರೆಯವರ ಮಾತಿಗೆ ಬಂದಾಗ ಸ್ವಲ್ಪ ಹೊತ್ತು ನಿಲ್ಲಬೇಕಾಯಿತು. ಕನ್ನಡಕ ಸರಿಪಡಿಸಿಕೊಳ್ಳುತ್ತಿದ್ದೇನೆಂದು ಜನ ಭಾವಿಸಿರಬೇಕು. ಆಮೇಲೆ ಮುಂದೆ ಓದಿದೆ.