ಸೋಂಕು ರಕ್ತದಲ್ಲಿ, ತಂತಿ ತಲೆಗೆ ಯಾಕೆ?

ಸೋಸಲೆಯ ಓದುಗರೊಬ್ಬರು ಕೇಳಿದ್ದಾರೆ: "ಹುಟ್ಟಿದ ವಾರದಲ್ಲೇ ಮಗುವಿನ ರಕ್ತಕ್ಕೆ ನಂಜೇರಿದೆ ಅಂತ ಮೈಸೂರಿನಲ್ಲಿ ಎಳೆಗೂಸುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುಗೆ ಸೇರಿಸಿಕೊಂಡರು. ಸೋಂಕು ರಕ್ತದಲ್ಲಿದ್ದರೆ ತಲೆಗೆ ತಂತಿ ಅಂಟಿಸಿದ್ದು ಯಾಕೆ?"

ನಂಜೇರಿ ರಕ್ತದೊತ್ತಡ ಕುಸಿದರೆ ಮಿದುಳಿಗೆ ರಕ್ತ ಸಾಲದು. ಉರಿಯೂತದ ರಾಸಾಯನಿಕಗಳೂ ಅಲ್ಲಿಗೆ ಮುಟ್ಟುತ್ತವೆ. ಕೆಲವೊಮ್ಮೆ ರೋಗಾಣುವೇ ಮಿದುಳಿನ ಪೊರೆಗೆ ಇಳಿಯುತ್ತದೆ. ಆಗ ಫಿಟ್ಸ್ ಬರಬಹುದು. ಆದರೆ ಎಳೆಗೂಸಿನ ಫಿಟ್ಸ್‌ನಲ್ಲಿ ದೊಡ್ಡವರಂತೆ ಕೈಕಾಲು ಅದುರಲೇಬೇಕೆಂದಿಲ್ಲ. ಕಣ್ಣು ಒಂದೇ ಕಡೆ ನೆಟ್ಟು ನಿಲ್ಲುತ್ತದೆ, ತುಟಿ ಚಪ್ಪರಿಸುತ್ತದೆ, ಉಸಿರು ಕ್ಷಣ ಕಟ್ಟುತ್ತದೆ. ಎಷ್ಟೋ ಸಲ ಹೊರಗೆ ಏನೂ ಕಾಣುವುದೇ ಇಲ್ಲ. ಐರ್ಲೆಂಡಿನ ಕಾರ್ಕ್ ನಗರದ ವೈದ್ಯರು 2008ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ಅಪಾಯದಲ್ಲಿದ್ದ ಶಿಶುಗಳ ಇಇಜಿಯಲ್ಲಿ, ಅಂದರೆ ತಲೆಗೆ ಅಂಟಿಸಿದ ತಂತಿಗಳು ಹಿಡಿದ ಮಿದುಳಿನ ವಿದ್ಯುತ್ತಿನ ನಕ್ಷೆಯಲ್ಲಿ, ದಾಖಲಾದ 526 ಫಿಟ್ಸ್‌ಗಳಲ್ಲಿ, ಪಕ್ಕದಲ್ಲೇ ಇದ್ದ ಸಿಬ್ಬಂದಿ ಗುರುತಿಸಿದ್ದು ಬರೀ 48. ಅವರು ನುರಿತವರೇ. ಕಣ್ಣಿಗೆ ನಿಲುಕದ್ದನ್ನು ಅವರಾದರೂ ಹೇಗೆ ಹಿಡಿದಾರು?

ತಂತಿ ಬೇಕಾಗುವುದು ಇದಕ್ಕೇ. ಕಾವೇರಿಯ ದಡದಲ್ಲಿ ಒಂದೊಂದು ಅಲೆ ಎಣಿಸುತ್ತಾ ಕೂತರೆ ಪ್ರವಾಹದ ಸುಳಿವು ಸಿಗುವುದಿಲ್ಲ. ಅಳತೆಗಂಬದಲ್ಲಿ ನೀರು ಎಲ್ಲಿಗೆ ಏರಿತು, ಎಲ್ಲಿಗೆ ಇಳಿಯಿತು ಅಂತ ರಾತ್ರಿಯಿಡೀ ಗುರುತು ಹಾಕಬೇಕು. ಮಾಮೂಲಿ ಇಇಜಿ ತೋರಿಸುವುದು ಅಲೆಗಳನ್ನು. ಎನ್‌ಐಸಿಯುನಲ್ಲಿ ಸಿಎಫ್‌ಎಂ ಎಂದು ಕರೆಯುವ ಯಂತ್ರ ಗುರುತಿಸುವುದು ಮಟ್ಟವನ್ನು. ಗಂಟೆಯೊಂದರ ಮಿದುಳಿನ ವಿದ್ಯುತ್ತು 6 ಸೆಂಟಿಮೀಟರ್ ಪಟ್ಟಿಗೆ ಇಳಿಯುತ್ತದೆ. ದಿನ ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿನಲ್ಲಿ ಪಟ್ಟಿಯ ಕೆಳಅಂಚು 5 ಮೈಕ್ರೋವೋಲ್ಟ್‌ಗಿಂತ ಮೇಲೆ, ಮೇಲಂಚು 10ಕ್ಕಿಂತ ಮೇಲೆ ಇರುತ್ತದೆ. ನಿದ್ದೆ, ಎಚ್ಚರಗಳಿಗೆ ತಕ್ಕಂತೆ ಪಟ್ಟಿ ಹಿಗ್ಗುತ್ತದೆ, ಕುಗ್ಗುತ್ತದೆ. ಕೆಳಅಂಚು ಥಟ್ಟನೆ ಮೇಲೆದ್ದರೆ ಫಿಟ್ಸ್ ಇರಬಹುದು. ಪಟ್ಟಿಯೇ ತಳಕಚ್ಚಿದರೆ ಮಿದುಳು ಸೋಲುತ್ತಿದೆ ಎಂಬ ಆತಂಕ, ಮಂಪರಿನ ಔಷಧಿಯ ಪರಿಣಾಮವೂ ಇದ್ದೀತು. ಕಳೆದುಹೋಗಿದ್ದ ನಿದ್ದೆ-ಎಚ್ಚರದ ಏರಿಳಿತ ಮತ್ತೆ ಕಾಣಿಸಿದರೆ ವೈದ್ಯರ ಮುಖ ಅರಳುತ್ತದೆ.

ಈ ಯಂತ್ರವನ್ನು ಕಟ್ಟಿದ್ದು ಶಿಶುಗಳಿಗಾಗಿ ಅಲ್ಲ. 1960ರ ದಶಕದ ಕೊನೆಯಲ್ಲಿ ಲಂಡನ್ನಿನ ಡಗ್ಲಾಸ್ ಮೇನಾರ್ಡ್, ಪಮೇಲಾ ಪ್ರಯರ್ ಮತ್ತು ಸಂಗಡಿಗರು ದೊಡ್ಡವರ ಮಿದುಳಿನ ಮೇಲೆ ನಿಗಾ ಇಡಲು ರೂಪಿಸಿದ್ದು. ಮುಂದೆ ಸ್ವೀಡನ್ನಿನ ಲುಂಡ್‌ನಲ್ಲಿ ಲೇನಾ ಹೆಲ್‌ಸ್ಟ್ರೋಮ್-ವೆಸ್ಟಾಸ್, ಇಂಗ್ಮಾರ್ ರೊಸೇನ್ ಮೊದಲಾದವರು ಅದನ್ನು ಹಸುಗೂಸುಗಳ ತೊಟ್ಟಿಲ ಪಕ್ಕಕ್ಕೆ ತಂದರು.

ಯಂತ್ರವೇ ಎಲ್ಲವನ್ನೂ ಹಿಡಿದುಬಿಡುತ್ತದೆ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಚಿಕ್ಕ ಫಿಟ್ಸ್, ತಂತಿಯಿಂದ ದೂರದ ಫಿಟ್ಸ್ ತಪ್ಪಿಹೋಗುತ್ತವೆ. ವೆಂಟಿಲೇಟರಿನ ಅದುರಾಟ, ಹೃದಯದ ವಿದ್ಯುತ್ತು ಪಟ್ಟಿಯನ್ನು ಸುಳ್ಳೇ ಮೇಲೆತ್ತುತ್ತವೆ. ಅನುಮಾನ ಬಂದಲ್ಲಿ ಪೂರ್ಣ ಇಇಜಿ ಬೇಕು, ನಡುರಾತ್ರಿಯಲ್ಲೂ ಅದನ್ನು ಓದಬಲ್ಲವರು ಬೇಕು. ನಂಜನ್ನು ಇಳಿಸುವುದಂತೂ ಹೊತ್ತಿಗೆ ಬಿದ್ದ ಆಂಟಿಬಯೋಟಿಕ್ಕೇ. ಮಗು ಹಾಲು ಚೀಪುವುದನ್ನು ಬಿಟ್ಟರೆ, ಮೈ ತಣ್ಣಗಾದರೆ ಜ್ವರ ಬರಲೆಂದು ಕಾಯದೆ ಆಸ್ಪತ್ರೆಗೆ ಓಡಬೇಕು.

ಮಿದುಳಿನ ಪೊರೆಗೇ ಸೋಂಕು ತಗುಲಿದ್ದ ಮಗುವಾದರೆ ಇನ್ನೊಂದು ಕೆಲಸ ಉಳಿದಿರುತ್ತದೆ. ಆ ಸೋಂಕು ಒಳಕಿವಿಯನ್ನು ಕೆಡಿಸಬಲ್ಲದು, ಸಿಎಫ್‌ಎಂ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಅದಕ್ಕೆ ಕಿವಿ ಕೇಳುತ್ತಿದೆಯೇ ಎಂದು ನೋಡುವ ಬೇರಾ ಪರೀಕ್ಷೆಯೇ ಆಗಬೇಕು. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಅದನ್ನು ಮಾಡುತ್ತಾರೆ.